ಪರ್ಷಿಯನ್ ಮರಿಗಳ ಮೊದಲ ಮೂರು ವಾರ: ನಮ್ಮ ಕಡೆಯ ಹವೆಗೆ ಹೊಂದುವ ಹಾಗೆ

ಫರಸಿ ಮನೆ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಈಗ ಪರ್ಷಿಯನ್ ಬೆಕ್ಕು ಸಾಕುವವರು ಜಾಸ್ತಿ ಆಗಿದ್ದಾರೆ. ಒಂದು ಹೆಣ್ಣು ತರುತ್ತಾರೆ, ವರ್ಷ ತುಂಬುವುದರೊಳಗೆ ಮೇಟಿಂಗ್ ಮಾಡಿಸುತ್ತಾರೆ. ಮರಿ ಹುಟ್ಟಿದ ಮೇಲೆ ನನಗೆ ಫೋನ್ ಬರುತ್ತದೆ: "ಅಕ್ಕಾ, ಒಂದು ಮರಿ ತಣ್ಣಗಾಗಿದೆ, ಬಾಯಿ ತೆಗೀತಿಲ್ಲ." ಆ ಹೊತ್ತಿಗೆ ನಮ್ಮ ಕೈಯಲ್ಲಿ ಉಳಿದಿರುವುದು ಬಹಳ ಕಡಿಮೆ. ಅದಕ್ಕೇ ಮರಿ ಹುಟ್ಟುವ ಮೊದಲೇ ಓದಿಕೊಳ್ಳಲಿ ಅಂತ ಬರೆಯುತ್ತಿದ್ದೇನೆ. ಗೊತ್ತಿದ್ದವರು ಸೇರಿಸಿ, ಗೊತ್ತಿಲ್ಲದವರು ಕೇಳಿ.

ಮೊದಲು ತೂಕದ ಮಾತು. ಬೇರೆ ಏನು ಬಿಟ್ಟರೂ ಇದೊಂದು ಬಿಡಬೇಡಿ. ಒಂದು ಗ್ರಾಂವರೆಗೂ ತೋರಿಸುವ ಡಿಜಿಟಲ್ ಕಾಟಾ ಬೇಕು, ಅಡುಗೆಮನೆಗೆ ಬಳಸುವಂಥದ್ದು ಸಾಕು. ಮೇಲೊಂದು ಸಣ್ಣ ಬುಟ್ಟಿ, ಅದರಲ್ಲಿ ಬೆಚ್ಚಗಿನ ಬಟ್ಟೆ. ಹುಟ್ಟಿದ ಮರಿ ಸಾಮಾನ್ಯವಾಗಿ 90ರಿಂದ 110 ಗ್ರಾಂ ಇರುತ್ತದೆ. ಪರ್ಷಿಯನ್ ಮರಿ ಇದಕ್ಕಿಂತ ಸ್ವಲ್ಪ ಕಡಿಮೆ ಇದ್ದರೂ ಗಾಬರಿ ಬೇಡ. 75ಕ್ಕಿಂತ ಕೆಳಗಿದ್ದರೆ ಆ ಮರಿಯ ಮೇಲೆ ಮೊದಲ ದಿನದಿಂದಲೇ ಕಣ್ಣಿಡಬೇಕು. ಆಮೇಲೆ ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಒಂದೂವರೆ ವಾರ, ಹೆಚ್ಚೆಂದರೆ ಎರಡು ವಾರದಲ್ಲಿ ಹುಟ್ಟಿದಾಗಿನ ತೂಕಕ್ಕೆ ಎರಡರಷ್ಟು ಆಗಬೇಕು. ಮೊದಲ 24 ಗಂಟೆಯಲ್ಲಿ ಚೂರು ಇಳಿಯಬಹುದು. ಅದಾದ ಮೇಲೂ ಇಳಿಯುತ್ತಿದ್ದರೆ, ಅಥವಾ ಇಡೀ ದಿನ ಒಂದು ಗ್ರಾಂ ಕೂಡ ಏರದಿದ್ದರೆ ಏನೋ ತೊಂದರೆ ಇದೆ ಅಂತಲೇ ಅರ್ಥ. ಮರಿ ಕೂಗುತ್ತಿಲ್ಲ, ತಾಯಿ ಪಕ್ಕದಲ್ಲೇ ಮಲಗಿದೆ, ನೋಡೋಕೆ ಎಲ್ಲಾ ಚೆನ್ನಾಗಿದೆ. ಆದರೂ ಕಾಟಾ ಮೇಲೆ ಅಂಕಿ ನಿಂತುಬಿಟ್ಟಿರುತ್ತದೆ. ಕಣ್ಣಿಗೆ ಕಾಣುವ ಹೊತ್ತಿಗೆ ಒಂದು ದಿನ ತಡವಾಗಿರುತ್ತದೆ, ಇಷ್ಟು ಸಣ್ಣ ಜೀವಕ್ಕೆ ಆ ಒಂದು ದಿನವೇ ಎಲ್ಲಾ.

ಬಿಳಿ ಮರಿ ನಾಲ್ಕೈದು ಒಂದೇ ಥರ ಇದ್ದರೆ ಗುರುತು ಹೇಗೆ ಅಂತ ಕೇಳುತ್ತಾರೆ. ಕುತ್ತಿಗೆಗೆ ದಾರ ಕಟ್ಟಬೇಡಿ, ದಿನಾ ಬೆಳೆಯುವ ಕುತ್ತಿಗೆ ಅದು. ನಾನು ಸಣ್ಣ ಕತ್ತರಿಯಿಂದ ಕೂದಲು ಒಂಚೂರು ಕತ್ತರಿಸುತ್ತೇನೆ. ಒಂದಕ್ಕೆ ಎಡ ಭುಜ, ಇನ್ನೊಂದಕ್ಕೆ ಬಲ ಭುಜ, ಮತ್ತೊಂದಕ್ಕೆ ಸೊಂಟ. ನೋಟ್‌ಬುಕ್‌ನಲ್ಲೂ ಹಾಗೇ ಬರೆಯುತ್ತೇನೆ: "ಎಡಭುಜ, ಬೆಳಿಗ್ಗೆ 104, ಸಂಜೆ 110." ತಾಯಿ ಎಷ್ಟು ನೆಕ್ಕಿದರೂ ಈ ಗುರುತು ಹೋಗುವುದಿಲ್ಲ.

ಎರಡನೆಯದು ಶಾಖ. ಹುಟ್ಟಿದ ಮರಿಗೆ ನಡುಗಲು ಬರುವುದಿಲ್ಲ, ತನ್ನ ಮೈ ತಾನೇ ಬಿಸಿ ಮಾಡಿಕೊಳ್ಳಲು ಆಗುವುದಿಲ್ಲ. ಮೊದಲ ವಾರ ಅದರ ಮೈಶಾಖ 35ರಿಂದ 37 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ದೊಡ್ಡ ಬೆಕ್ಕಿನ 38ಕ್ಕೆ ಬರಲು ನಾಲ್ಕು ವಾರ ಬೇಕು. ಹಾಗಾಗಿ ಮೊದಲ ವಾರ ಗೂಡಿನ ಒಳಗೆ 30–32 ಡಿಗ್ರಿ, ಎರಡನೇ ವಾರ 27–29, ನಾಲ್ಕನೇ ವಾರದ ಹೊತ್ತಿಗೆ 24ರ ಆಸುಪಾಸು ಇರಬೇಕು. ಇಲ್ಲೇ ನಮ್ಮ ಊರಿನ ಕಥೆ ಬೇರೆಯಾಗುವುದು. ಓದಲು ಸಿಗುವ ಸಲಹೆ ಹೆಚ್ಚಿನವು ಚಳಿ ದೇಶದವರು ಬರೆದದ್ದು. ಬಲ್ಬ್ ಹಾಕಿ, ಹೀಟಿಂಗ್ ಪ್ಯಾಡ್ ಇಡಿ ಅನ್ನುತ್ತಾರೆ. ನಮ್ಮಲ್ಲಿ ಶರಣಬಸವೇಶ್ವರ ಜಾತ್ರೆ ಹೊತ್ತಿಗೇ ಬಿಸಿಲು ಏರಿರುತ್ತದೆ, ಮೇ ತಿಂಗಳಲ್ಲಿ 42–43 ಮುಟ್ಟುತ್ತದೆ. ಆಗ ಮನೆಯೊಳಗೇ 35 ದಾಟಿರುತ್ತದೆ. ಆಗ ಬಲ್ಬ್ ಹಾಕಿದರೆ ಮರಿ ಬೆಂದೇ ಹೋಗುತ್ತದೆ. ಡಿಸೆಂಬರ್ ರಾತ್ರಿ ಇದೇ ಮನೆಯ ಶಹಾಬಾದ್ ಫರಸಿ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ತಾಯಿಯ ಹೊಟ್ಟೆ ಬಿಟ್ಟು ಉರುಳಿದ ಮರಿ ಆ ಕಲ್ಲಿನ ಮೇಲೆ ಅರ್ಧ ಗಂಟೆ ಬಿದ್ದರೆ ಸಾಕು, ತಣ್ಣಗಾಗುತ್ತದೆ.

ಅದಕ್ಕೇ ನಾನು ಮೇಟಿಂಗ್ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಮಾತ್ರ ಮಾಡಿಸುವುದು. ಬೆಕ್ಕಿನ ಬಸಿರು 63ರಿಂದ 67 ದಿನ. ಲೆಕ್ಕ ಹಾಕಿದರೆ ಅಕ್ಟೋಬರ್–ನವೆಂಬರ್‌ಗೆ ಮರಿ. ಚಳಿಗೆ ಶಾಖ ಕೊಡುವುದು ಸುಲಭ, ಮೇ ತಿಂಗಳ ಸೆಕೆ ಕಡಿಮೆ ಮಾಡುವುದು ಕಷ್ಟ. ಅದರಲ್ಲೂ ಕರೆಂಟ್ ಹೋದರೆ ದೇವರೇ ಗತಿ.

ಮರಿಗೆ ಸೆಕೆಯೋ ಚಳಿಯೋ ಅಂತ ನೋಡಿದರೇ ತಿಳಿಯುತ್ತದೆ. ಒಂದರ ಮೇಲೊಂದು ಒತ್ತಿಕೊಂಡು ಕೂಗುತ್ತಿದ್ದರೆ ಚಳಿ. ಒಂದೊಂದು ಒಂದೊಂದು ಮೂಲೆಗೆ ಹರಡಿಕೊಂಡು, ಮೈ ಕೆಂಪಾಗಿ, ಬಾಯಿ ತೆರೆದಿದ್ದರೆ ಸೆಕೆ. ಸುಮ್ನೆ ಗುಂಪಾಗಿ ಮಲಗಿ ಆಗಾಗ ಕಾಲು ಜಾಡಿಸುತ್ತಿದ್ದರೆ ಎಲ್ಲಾ ಸರಿ ಇದೆ. ಶಾಖ ಕೊಡುವಾಗ ಗೂಡಿನ ಅರ್ಧ ಭಾಗಕ್ಕೆ ಮಾತ್ರ ಕೊಡಿ, ಬೇಡವಾದಾಗ ಮರಿ ತೆವಳಿಕೊಂಡು ಆಚೆ ಹೋಗಲು ಜಾಗ ಇರಬೇಕು. ಬಿಸಿನೀರಿನ ಬಾಟಲಿ ಇಟ್ಟರೆ ದಪ್ಪ ಟವೆಲ್ ಸುತ್ತಿಯೇ ಇಡಿ.

ತೊಗರಿ ಹೊಲ (ಆಳಂದ)

ಅಕ್ಕಾರೆ, ಬಹಳ ಚೆನ್ನಾಗಿ ಬರೆದಿದ್ದೀರಿ. ನಮ್ಮ ಮನೆಯಲ್ಲಿ ಬೆಕ್ಕಿಗೆ ಹಳೇ ಕೌದಿ ಹಾಸಿದ್ದೇವೆ. ಅದು ನಡೆಯುತ್ತದಾ? ಇನ್ನೊಂದು, ಇರುವೆ. ಹಾಲಿನ ವಾಸನೆಗೆ ಕೆಂಪಿರುವೆ ಸಾಲು ಹಿಡಿದು ಬರುತ್ತವೆ. ಏನು ಮಾಡುತ್ತೀರಿ?

ಫರಸಿ ಮನೆ (ಕಲಬುರಗಿ)

ಕೌದಿ ಬೆಚ್ಚಗಿರುತ್ತದೆ, ನಿಜ. ಆದರೆ ಹಳೇ ಕೌದಿಯ ಹೊಲಿಗೆ ಬಿಟ್ಟಿರುತ್ತದೆ ಅಲ್ವಾ, ಆ ದಾರದಲ್ಲಿ ಮರಿಯ ಉಗುರು, ಕಾಲು ಸಿಕ್ಕಿಹಾಕಿಕೊಳ್ಳುತ್ತದೆ. ಕೌದಿಯನ್ನು ಕೆಳಗೆ ಹಾಸಿ, ಮೇಲೆ ದಾರ ಬಿಡದ ಹತ್ತಿ ಬಟ್ಟೆ ಬಿಗಿಯಾಗಿ ಸಿಕ್ಕಿಸಿ. ಹಳೇ ಬನಿಯನ್ ಬಟ್ಟೆ ಒಳ್ಳೆಯದು. ಟರ್ಕಿ ಟವೆಲ್ ಬೇಡ, ಅದರ ಗುಂಗುರು ಎಳೆಗೂ ಉಗುರು ಸಿಗುತ್ತದೆ.

ಇರುವೆ ವಿಷಯ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಕಣ್ಣು ಬಿಡದ ಮರಿಯನ್ನು ಇರುವೆ ಕಚ್ಚಿ ಸಾಯಿಸುತ್ತವೆ. ಗೂಡಿನ ಡಬ್ಬಿಯನ್ನು ಗಿಡ್ಡ ಸ್ಟೂಲ್ ಮೇಲಿಟ್ಟು, ನಾಲ್ಕೂ ಕಾಲನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ. ಗೋಡೆಗೆ ತಾಗಬಾರದು, ಬಟ್ಟೆ ಕೆಳಗೆ ಜೋತು ಬೀಳಬಾರದು. ಡಬ್ಬಿಯ ಅಂಚು ಎತ್ತರ ಇರಲಿ, ಮರಿ ಉರುಳಬಾರದು. ತಾಯಿ ಹಾಲಿನ ವಾಸನೆ ಹತ್ತಿದ ಬಟ್ಟೆ ದಿನಾ ಬದಲಿಸಿ. ಇರುವೆಗೆ ಅಂತ ಎಳೆಯುವ ಸೀಮೆಸುಣ್ಣ, ಪೌಡರ್ ಮಾತ್ರ ಹಾಕಲೇಬೇಡಿ.

ನಂದಿನಗರದವ (ಬೀದರ್)

ಅಕ್ಕಾರೆ, ಕೊನೆಯ ಮಾತಿಗೆ ಒಂದಿಷ್ಟು ಸೇರಿಸುತ್ತೇನೆ. ನಾನು ಬೀದರ್ ವೆಟರ್ನರಿ ಕಾಲೇಜಿನಲ್ಲಿ ಓದಿದವನು, ಈಗ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಆ ಸೀಮೆಸುಣ್ಣದಲ್ಲಿ ಇರುವುದು ಪೈರಿಥ್ರಾಯ್ಡ್ ಜಾತಿಯ ವಿಷ. ನಾಯಿಗೆ ಉಣ್ಣೆ ಬಿದ್ದಾಗ ಹಾಕುವ ಕೆಲವು ಪೌಡರ್, ಡ್ರಾಪ್ಸ್‌ನಲ್ಲೂ ಪರ್ಮೆಥ್ರಿನ್ ಇರುತ್ತದೆ. ನಾಯಿ ತಡೆದುಕೊಳ್ಳುತ್ತದೆ, ಬೆಕ್ಕಿನ ಲಿವರ್‌ಗೆ ಅದನ್ನು ಕರಗಿಸುವ ಶಕ್ತಿ ಇಲ್ಲ. ಬಾಲ, ಕಾಲು ನಡುಗಿ ಫಿಟ್ಸ್ ಬರುತ್ತದೆ. ಫಿನಾಯಿಲ್‌ಗೂ ಇದೇ ಮಾತು. ನೆಲ ಒರೆಸುವ ಬಕೆಟ್‌ಗೆ ಒಂದು ಮುಚ್ಚಳ ಫಿನಾಯಿಲ್ ಹಾಕುವುದು ನಮ್ಮ ಮನೆಗಳಲ್ಲಿ ರೂಢಿ. ಬೆಕ್ಕು ಅದರ ಮೇಲೆ ನಡೆದು ಪಾದ ನೆಕ್ಕುತ್ತದೆ. ಡೆಟಾಲ್ ಕೂಡ ಬೆಕ್ಕಿಗೆ ಆಗುವುದಿಲ್ಲ. ಹೊಕ್ಕುಳಕ್ಕೆ ಪೊವಿಡೋನ್ ಅಯೋಡಿನ್ ಹಚ್ಚಿ. ನೆಲಕ್ಕೆ ಬ್ಲೀಚ್ ಸಾಕು, ಒಂದು ಪಾಲಿಗೆ 32 ಪಾಲು ನೀರು, ಹತ್ತು ನಿಮಿಷ ಬಿಟ್ಟು ಬರೀ ನೀರಿನಿಂದ ಒರೆಸಿ ಒಣಗಿಸಿ. ಮತ್ತೆ ಪ್ಯಾರಾಸಿಟಮಾಲ್. ಮನೆಯಲ್ಲಿ ಮಕ್ಕಳಿಗೆ ಜ್ವರಕ್ಕೆ ಕೊಡುವ ಸಿರಪ್ ಒಂದು ಹನಿ ಕೂಡ ಬೆಕ್ಕಿಗೆ ಕೊಡಬೇಡಿ, ಜೀವ ಹೋಗುತ್ತದೆ.

ಭೀಮಾ ದಂಡೆ (ಯಾದಗಿರಿ)

ಸರ್, ಅಕ್ಕಾರೆ, ಅರ್ಜೆಂಟ್. ನಮ್ಮ ಬೆಕ್ಕು ಮೊನ್ನೆ ರಾತ್ರಿ ನಾಲ್ಕು ಮರಿ ಹಾಕಿದೆ. ಮೊದಲ ಸಲ. ಹುಟ್ಟಿದಾಗ 102, 96, 91, 84 ಗ್ರಾಂ. ಇವತ್ತು ಮೂರು ಮರಿ ಏರಿವೆ, ಸಣ್ಣದು 79ಕ್ಕೆ ಬಂದಿದೆ. ಉಳಿದವು ಕುಡಿಯುವಾಗ ಇದು ಪಕ್ಕಕ್ಕೆ ಸರಿದು ಬಿದ್ದಿರುತ್ತದೆ. ಬೆರಳು ಬಾಯಿಗಿಟ್ಟರೆ ಬಾಯಿ ಒಳಗೇ ತಣ್ಣಗಿದೆ. ಮನೆಯಲ್ಲಿ ಅಜ್ಜಿ ಹಸುವಿನ ಹಾಲು ಹತ್ತಿಯಲ್ಲಿ ಅದ್ದಿ ಕುಡಿಸು ಅಂತಿದ್ದಾರೆ. ಕುಡಿಸಲಾ?

ನಂದಿನಗರದವ (ಬೀದರ್)

ತಮ್ಮಾ, ಈಗ ಯಾವ ಹಾಲೂ ಕುಡಿಸಬೇಡ. ಮೊದಲು ಬೆಚ್ಚಗೆ ಮಾಡು. ಮೈ 35 ಡಿಗ್ರಿಗಿಂತ ಕೆಳಗಿದ್ದರೆ ಮರಿಯ ಕರುಳು ಕೆಲಸ ನಿಲ್ಲಿಸಿರುತ್ತದೆ. ಹಾಲು ಹೊಟ್ಟೆಯಲ್ಲೇ ನಿಲ್ಲುತ್ತದೆ, ಹುಳಿಯುತ್ತದೆ, ಇಲ್ಲಾ ಶ್ವಾಸಕೋಶಕ್ಕೆ ಹೋಗುತ್ತದೆ.

ಮರಿಯನ್ನು ನಿನ್ನ ಅಂಗಿ ಒಳಗೆ ಎದೆಗೆ ತಾಗಿಸಿ ಇಟ್ಟುಕೋ. ಪಕ್ಕದಲ್ಲಿ ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿ. ಒಂದರಿಂದ ಎರಡು ಗಂಟೆ ಹಿಡಿಯಲಿ, ಅವಸರ ಬೇಡ. ಹೇರ್ ಡ್ರೈಯರ್, ಸ್ಟೋವ್ ಹತ್ತಿರ ಒಯ್ಯಬೇಡ, ಒಮ್ಮೆಲೇ ಕಾಯಿಸಿದರೂ ಅಪಾಯ. ನಡುವೆ ನೀರಿನಲ್ಲಿ ಕರಗಿಸಿದ ಗ್ಲೂಕೋಸ್ ಒಂದು ಹನಿ ಬೆರಳಿನಿಂದ ವಸಡಿಗೆ ಸವರು. ನುಂಗಿಸಲು ಹೋಗಬೇಡ, ಸವರಿದರೆ ಸಾಕು. ಬಾಯಿ ತೆರೆದು ಅಂಗುಳ ನೋಡು, ನಡುವೆ ಸೀಳು ಇದೆಯಾ? ಸೀಳಿದ್ದರೆ ಹಾಲು ಮೂಗಿನಿಂದ ಬರುತ್ತದೆ, ಆಗ ನೇರ ಡಾಕ್ಟರ್ ಹತ್ತಿರ ಹೋಗು. ಇಲ್ಲದಿದ್ದರೆ ಥರ್ಮಾಮೀಟರ್ ತುದಿಗೆ ವ್ಯಾಸಲೀನ್ ಹಚ್ಚಿ ಹಿಂದಿನಿಂದ ನೋಡು. 35 ದಾಟಿದ ಮೇಲೆ ತಾಯಿಗೆ ಹಾಕು. ಉಳಿದ ಮೂರನ್ನು ಬೆಚ್ಚಗಿನ ಬುಟ್ಟಿಯಲ್ಲಿ ಸ್ವಲ್ಪ ಹೊತ್ತು ಬೇರೆ ಇಟ್ಟು, ಇದಕ್ಕೊಂದಕ್ಕೇ ಹಿಂಗಾಲಿನ ಹತ್ತಿರದ ಮೊಲೆ ಹಿಡಿಸು. ಹಿಡಿಯದಿದ್ದರೆ ಬರಿ, ಮುಂದಿನದು ಹೇಳುತ್ತೇನೆ. ಯಾದಗಿರಿಯಲ್ಲಿ ಪಶು ಆಸ್ಪತ್ರೆಗೆ ಬೆಳಿಗ್ಗೆ ಹೋಗಿ ಬಾ, ಆದರೆ ಬೆಚ್ಚಗೆ ಮಾಡುವುದು ಈಗಲೇ.

ಫರಸಿ ಮನೆ (ಕಲಬುರಗಿ)

ಅಜ್ಜಿಯವರಿಗೆ ನನ್ನ ನಮಸ್ಕಾರ ಹೇಳಪ್ಪ. ಅವರ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ. ಹಸುವಿನ ಹಾಲಿನಲ್ಲಿ ಪ್ರೋಟೀನ್ 3ರಿಂದ 3.5 ಶೇಕಡಾ, ಬೆಕ್ಕಿನ ಹಾಲಿನಲ್ಲಿ ಅದರ ಎರಡರಷ್ಟು. ಎಮ್ಮೆ ಹಾಲಿನಲ್ಲಿ ಕೊಬ್ಬು ಜಾಸ್ತಿ, ಆದರೆ ಪ್ರೋಟೀನ್ ಸಾಲದು. ಎರಡರಲ್ಲೂ ಲ್ಯಾಕ್ಟೋಸ್ ಇದ್ದು ಭೇದಿ ಆಗುತ್ತದೆ. ಇಷ್ಟು ಸಣ್ಣ ಮರಿಗೆ ಭೇದಿ ಹಿಡಿದರೆ ಒಂದು ದಿನದಲ್ಲಿ ನೀರೆಲ್ಲಾ ಹೋಗಿಬಿಡುತ್ತದೆ. ಕಿಟನ್ ಮಿಲ್ಕ್ ರಿಪ್ಲೇಸರ್ ಅಂತ ಪುಡಿ ಡಬ್ಬಿ ಸಿಗುತ್ತದೆ. ಮರಿ ಹುಟ್ಟುವ ಮೊದಲೇ ತರಿಸಿ ಇಟ್ಟುಕೊಳ್ಳಬೇಕು, ನಮ್ಮ ಊರಲ್ಲಿ ರಾತ್ರಿ ಹುಡುಕಿದರೆ ಸಿಗುವ ವಸ್ತು ಅಲ್ಲ.

ಕುಡಿಸುವ ರೀತಿಯೂ ಮುಖ್ಯ. ಮನುಷ್ಯರ ಕೂಸಿನ ಹಾಗೆ ಅಂಗಾತ ಹಿಡಿಯಬಾರದು. ಹೊಟ್ಟೆ ಕೆಳಗೆ ಇರಬೇಕು, ತಾಯಿಯ ಹಾಲು ಕುಡಿಯುವಾಗ ಇರುವ ಹಾಗೇ, ತಲೆ ಸ್ವಲ್ಪ ಮಾತ್ರ ಎತ್ತಿ. ಸಿರಿಂಜ್ ಆದರೆ ಹನಿ ಹನಿ ಬಿಡಿ, ಅದು ನುಂಗಿದ ಮೇಲೆ ಇನ್ನೊಂದು ಹನಿ. ಹಾಲು ಮಣಿಕಟ್ಟಿಗೆ ಹಾಕಿಕೊಂಡರೆ ಬೆಚ್ಚಗೆ ಅನ್ನಿಸಬೇಕು, ಸುಡಬಾರದು. 100 ಗ್ರಾಂ ಮರಿಯ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಯುವುದು ಸುಮಾರು 4 ಎಂಎಲ್. ಅದಕ್ಕಿಂತ ಜಾಸ್ತಿ ಹಾಕಬೇಡಿ, 3 ಎಂಎಲ್‌ಗೆ ನಿಲ್ಲಿಸಿ, ಎರಡು ಮೂರು ಗಂಟೆಗೊಮ್ಮೆ ಕೊಡಿ. ರಾತ್ರಿಯೂ ಸೇರಿ. ಅಲಾರಂ ಇಟ್ಟುಕೊಂಡು ಏಳಬೇಕು, ಮನೆಯಲ್ಲಿ ಇಬ್ಬರು ಸರದಿ ಹಾಕಿಕೊಂಡರೆ ಒಳ್ಳೆಯದು.

ಕುಡಿಸಿದ ಮೇಲೆ ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಕೆಳಗೆ ಮೆಲ್ಲಗೆ ಸವರಿ. ಮೂರು ವಾರದವರೆಗೆ ಮರಿಗೆ ತಾನಾಗಿ ಉಚ್ಚೆ, ಕಕ್ಕ ಮಾಡಲು ಬರುವುದಿಲ್ಲ. ತಾಯಿ ನೆಕ್ಕಿ ಮಾಡಿಸುತ್ತದೆ. ತಾಯಿ ಮಾಡುತ್ತಿದ್ದರೆ ನೀವು ಕೈ ಹಾಕಬೇಡಿ. ಉಚ್ಚೆ ನೀರಿನ ಬಣ್ಣ ಇರಬೇಕು, ಕಡು ಹಳದಿ ಬಂದರೆ ನೀರು ಸಾಲುತ್ತಿಲ್ಲ.

ಭೀಮಾ ದಂಡೆ (ಯಾದಗಿರಿ)

ಸರ್, ರಾತ್ರಿ ಪೂರ್ತಿ ಎದೆ ಮೇಲೆ ಇಟ್ಟುಕೊಂಡಿದ್ದೆ. ಬೆಳಗಿನ ಜಾವ ಕೂಗಲು ಶುರು ಮಾಡಿತು. ತಾಯಿಗೆ ಹಾಕಿದೆ, ಹಿಂದಿನ ಮೊಲೆ ಹಿಡಿಯಿತು. ಆಸ್ಪತ್ರೆಯ ಡಾಕ್ಟರ್ ನೋಡಿ ಅಂಗುಳ ಸರಿ ಇದೆ ಅಂದರು. ಈಗ 82. ಹಾಲಿನ ಪುಡಿ ಕಲಬುರಗಿಯಿಂದ ಬಸ್‌ನಲ್ಲಿ ಬರುತ್ತಿದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.

ನಂದಿನಗರದವ (ಬೀದರ್)

82 ಅಂದರೆ ದಾರಿ ಸರಿ ಇದೆ. ಇನ್ನೂ ಒಂದು ವಾರ ದಿನಕ್ಕೆ ಎರಡು ಸಲ ತೂಕ ನೋಡು. ತಾಯಿಯ ಮೇಲೂ ಕಣ್ಣಿರಲಿ. ಮೊಲೆ ಒಂದು ಗಟ್ಟಿಯಾಗಿ, ಬಿಸಿಯಾಗಿ, ಮುಟ್ಟಿದರೆ ಹಿಸ್ ಅಂದರೆ ಬಾವು ಬಂದಿರುತ್ತದೆ. ತಾಯಿ ನಡುಗಿದರೆ, ಕಾಲು ಸೆಟೆದುಕೊಂಡು ನಡೆದರೆ ಕ್ಯಾಲ್ಸಿಯಂ ಇಳಿದಿದೆ ಅಂತ ಅರ್ಥ. ಅದಕ್ಕೆ ಕಾಯಬೇಡ, ಅದೇ ಗಂಟೆಗೆ ಡಾಕ್ಟರ್ ಬೇಕು. ಹಾಲುಣಿಸುವ ಬೆಕ್ಕಿಗೆ ಮಾಮೂಲಿಗಿಂತ ಎರಡರಿಂದ ಮೂರು ಪಟ್ಟು ಊಟ ಬೇಕು. ಕಿಟನ್ ಫುಡ್ಡನ್ನೇ ತಾಯಿಗೂ ಹಾಕು, ಬಟ್ಟಲು ಯಾವಾಗಲೂ ತುಂಬಿರಲಿ.

ಜಾಮೂನ್ ಮನೆ (ಹುಮನಾಬಾದ್)

ನಮಸ್ಕಾರ. ಇದನ್ನೆಲ್ಲಾ ಓದಿ ಕೇಳಲೇಬೇಕು ಅನ್ನಿಸಿತು. ನಮ್ಮದು ಬ್ರಿಟಿಷ್ ಶಾರ್ಟ್‌ಹೇರ್. ಕಳೆದ ಸಲ ಐದು ಮರಿ, ಎಲ್ಲವೂ 100 ಗ್ರಾಂ ಮೇಲೆ. ಹುಟ್ಟಿದ ಕೂಡಲೇ ಚೆನ್ನಾಗಿ ಕುಡಿದವು, ತಾಯಿಯೂ ಬಹಳ ಪ್ರೀತಿಯಿಂದ ನೋಡಿಕೊಂಡಿತು. ಮಾರನೇ ದಿನದಿಂದ ಒಂದೊಂದೇ ಸೊರಗಿದವು. ಬಟ್ಟೆ ಮೇಲೆ ಉಚ್ಚೆ ಕಂದು ಕೆಂಪು ಬಣ್ಣ ಇತ್ತು. ಮೂರು ಹೋದವು. ಉಳಿದ ಎರಡರಲ್ಲಿ ಒಂದರ ಬಾಲದ ತುದಿ ಕಪ್ಪಾಗಿ ಒಣಗಿ ಉದುರಿತು. ನೋಡಿದವರು ದೃಷ್ಟಿ ಅಂದರು, ತಾಯಿ ಹಾಲು ಕೆಟ್ಟಿದೆ ಅಂದರು. ಶಾಖ, ತೂಕ ಎಲ್ಲಾ ಸರಿ ಇತ್ತು. ಯಾಕೆ ಹೀಗಾಯಿತು?

ನಂದಿನಗರದವ (ಬೀದರ್)

ಅಕ್ಕಾರೆ, ಓದಿ ಬೇಜಾರಾಯಿತು. ನೀವು ಹೇಳಿದ ಗುರುತೆಲ್ಲಾ ಒಂದೇ ಕಡೆ ಬೆರಳು ತೋರಿಸುತ್ತವೆ: ರಕ್ತದ ಗುಂಪು ಹೊಂದದಿರುವುದು. ಬೆಕ್ಕುಗಳಲ್ಲಿ ಮುಖ್ಯವಾಗಿ ಎ, ಬಿ ಅಂತ ಎರಡು ಗುಂಪು, ಅಪರೂಪಕ್ಕೆ ಎಬಿ. ನಮ್ಮ ಬೀದಿ ಬೆಕ್ಕುಗಳಲ್ಲಿ, ಸಯಾಮೀಸ್‌ನಲ್ಲಿ ಎ ಜಾಸ್ತಿ. ಬ್ರಿಟಿಷ್ ಶಾರ್ಟ್‌ಹೇರ್‌ನಲ್ಲಿ ಬಿ ಸಾಕಷ್ಟು ಇದೆ, ಪರ್ಷಿಯನ್‌ನಲ್ಲೂ ಇದೆ. ಬಿ ಗುಂಪಿನ ಬೆಕ್ಕಿನ ರಕ್ತದಲ್ಲಿ ಎ ಗುಂಪಿನ ವಿರುದ್ಧ ಬಲವಾದ ಪ್ರತಿಕಾಯ (ಆಂಟಿಬಾಡಿ) ಹುಟ್ಟಿನಿಂದ ಬೆಳೆದು ಬಂದಿರುತ್ತದೆ. ಅದಕ್ಕೆ ಮೊದಲು ರಕ್ತ ಕೊಟ್ಟಿರಬೇಕು ಅಂತೇನೂ ಇಲ್ಲ, ಮೊದಲ ಬಸಿರಿನಲ್ಲೇ ಆಗಬಹುದು.

ತಾಯಿ ಬಿ, ಗಂಡು ಎ ಆದರೆ ಮರಿಗಳಲ್ಲಿ ಹಲವು ಎ ಆಗಿ ಹುಟ್ಟುತ್ತವೆ. ಗಿಣ್ಣುಹಾಲಿನ ಜೊತೆ ಆ ಪ್ರತಿಕಾಯ ಮರಿಯ ಹೊಟ್ಟೆಗೆ ಹೋಗಿ, ಕರುಳಿನಿಂದ ರಕ್ತಕ್ಕೆ ಸೇರಿ, ಕೆಂಪು ಕಣ ಒಡೆಯುತ್ತದೆ. ಅದಕ್ಕೇ ಉಚ್ಚೆ ಕಂದು ಕೆಂಪು. ಬಾಲದ ತುದಿ ಸಾಯುವುದೂ ಇದೇ ಕಾರಣಕ್ಕೆ. ಚೆನ್ನಾಗಿ ಕುಡಿದ ಗಟ್ಟಿ ಮರಿಯೇ ಮೊದಲು ಹೋಗುತ್ತದೆ. ತಾಯಿಯದೂ ತಪ್ಪಿಲ್ಲ, ನಿಮ್ಮ ಆರೈಕೆಯದೂ ತಪ್ಪಿಲ್ಲ.

ಮುಂದೆ ಮೇಟಿಂಗ್ ಮಾಡಿಸುವ ಮೊದಲು ಹೆಣ್ಣು, ಗಂಡು ಎರಡರ ರಕ್ತದ ಗುಂಪು ನೋಡಿಸಿ. ತಾಯಿ ಬಿ ಇದ್ದರೆ ಬಿ ಗಂಡೇ ಹುಡುಕಿ. ಹಾಗಾಗದಿದ್ದರೆ ಹೆರಿಗೆ ಹೊತ್ತಲ್ಲಿ ನೀವು ಪಕ್ಕದಲ್ಲಿ ಇರಬೇಕು. ಮರಿ ಬೀಳುತ್ತಿದ್ದ ಹಾಗೇ ತಾಯಿಯ ಹಾಲಿನಿಂದ ಬೇರೆ ಮಾಡಿ, 24 ಗಂಟೆ ರಿಪ್ಲೇಸರ್ ಕುಡಿಸಿ. ಪ್ರತಿಕಾಯವನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಅಷ್ಟರಲ್ಲಿ ಮುಚ್ಚಿರುತ್ತದೆ. ಆಮೇಲೆ ಅದೇ ತಾಯಿಯ ಹಾಲು ಕುಡಿಸಬಹುದು. ರೋಗ ತಡೆಯುವ ಗಿಣ್ಣಿನ ಶಕ್ತಿ ಆ ಮರಿಗಳಿಗೆ ಸಿಕ್ಕಿರುವುದಿಲ್ಲ. ಅದೇ ಹೊತ್ತಿಗೆ ಮರಿ ಹಾಕಿದ ಎ ಗುಂಪಿನ ಇನ್ನೊಂದು ತಾಯಿ ಸಿಕ್ಕರೆ ಅದರ ಹಾಲು ಬಹಳ ಒಳ್ಳೆಯದು. ಸಿಗದಿದ್ದರೆ ಸ್ವಚ್ಛತೆ ಇಮ್ಮಡಿ ಮಾಡಿ, ಹೊರಗಿನವರನ್ನು ಮರಿ ಮುಟ್ಟಲು ಬಿಡಬೇಡಿ.

ಜಾಮೂನ್ ಮನೆ (ಹುಮನಾಬಾದ್)

ಡಾಕ್ಟ್ರೇ, ಇಷ್ಟು ದಿನ ಆ ತಾಯಿ ಬೆಕ್ಕನ್ನು ನೋಡಿದಾಗೆಲ್ಲಾ ಮನಸ್ಸಿಗೆ ಕಷ್ಟ ಆಗುತ್ತಿತ್ತು. ಈಗ ಎರಡಕ್ಕೂ ರಕ್ತ ಟೆಸ್ಟ್ ಮಾಡಿಸದೆ ಮೇಟಿಂಗ್ ಇಲ್ಲ. ಇನ್ನೊಂದು ಮಾತು, ಒಬ್ಬರು ಸ್ಕಾಟಿಷ್ ಫೋಲ್ಡ್ ಗಂಡು ಕೊಡುತ್ತೇನೆ ಅಂತಿದ್ದಾರೆ. ಕಿವಿ ಮಡಚಿದ ಮರಿಗೆ ರೇಟ್ ಜಾಸ್ತಿಯಂತೆ.

ನಂದಿನಗರದವ (ಬೀದರ್)

ಬೇಡ ಅಕ್ಕಾರೆ. ಆ ಕಿವಿ ಮಡಚಿಸುವ ಜೀನ್ ಮೈಯ ಮೃದ್ವಸ್ಥಿಯನ್ನೆಲ್ಲಾ ಕೆಡಿಸುತ್ತದೆ. ಕಿವಿ ಮಡಚಿದ ಪ್ರತಿ ಬೆಕ್ಕಿನಲ್ಲೂ ಅದು ಇರುತ್ತದೆ, ಕೆಲವಕ್ಕೆ ಬೇಗ, ಕೆಲವಕ್ಕೆ ತಡವಾಗಿ ಕೀಲು ನೋವು ಬರುತ್ತದೆ. ಬಾಲ ಗಟ್ಟಿಯಾಗಿ, ನೆಗೆಯಲು ಆಗದೆ ಕೂರುತ್ತವೆ. ರೇಟ್ ಎಷ್ಟೇ ಇರಲಿ, ನೋವು ಗ್ಯಾರಂಟಿ ಇರುವ ಮರಿ ಹುಟ್ಟಿಸುವುದು ಬೇಡ.

ಪರ್ಷಿಯನ್ ಸಾಕುವವರೂ ಇಲ್ಲೇ ಒಂದು ತಿಳಿದುಕೊಳ್ಳಿ. ಪಿಕೆಡಿ ಅಂತ ಕಿಡ್ನಿ ರೋಗ ಇದೆ. ಹುಟ್ಟಿನಿಂದಲೇ ಕಿಡ್ನಿಯಲ್ಲಿ ನೀರ್ಗುಳ್ಳೆ ಇದ್ದು, ನಿಧಾನಕ್ಕೆ ದೊಡ್ಡದಾಗುತ್ತಾ ಹೋಗುತ್ತವೆ. ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೂ ಸರಾಸರಿ ಅರ್ಧ ಮರಿಗಳಿಗೆ ಬರುತ್ತದೆ. ಅದರ ಜೀನ್ 2004ರಲ್ಲಿ ಪತ್ತೆಯಾಗಿದೆ, ಕೆನ್ನೆ ಒಳಗಿನ ಸ್ವಾಬ್ ಕಳಿಸಿದರೆ ಲ್ಯಾಬ್‌ನವರು ಹೇಳುತ್ತಾರೆ. ಜೀವಮಾನಕ್ಕೆ ಒಂದೇ ಸಲ ಮಾಡಿಸುವ ಟೆಸ್ಟ್. ರೋಗ ಏಳೆಂಟು ವರ್ಷ ಆದ ಮೇಲೆ ತೋರಿಸಿಕೊಳ್ಳುವುದು ಹೆಚ್ಚು, ಅಷ್ಟರಲ್ಲಿ ಆ ಬೆಕ್ಕು ಎಷ್ಟೋ ಸಲ ಮರಿ ಹಾಕಿರುತ್ತದೆ.

ತೊಗರಿ ಹೊಲ (ಆಳಂದ)

ಒಂದು ಮಾತು ಕೇಳುತ್ತೇನೆ, ಯಾರೂ ತಪ್ಪು ತಿಳಿಯಬೇಡಿ. ನಮ್ಮ ಓಣಿಯಲ್ಲೇ ಎಷ್ಟೋ ಬೆಕ್ಕಿನ ಮರಿ ಗಟಾರದ ಹತ್ತಿರ ಕೂಗುತ್ತಿರುತ್ತವೆ. ಅವಕ್ಕೆ ಮನೆ ಇಲ್ಲ. ಇಷ್ಟೆಲ್ಲಾ ಕಷ್ಟಪಟ್ಟು ಇನ್ನೂ ಮರಿ ಹುಟ್ಟಿಸುವುದು ಬೇಕಾ?

ಫರಸಿ ಮನೆ (ಕಲಬುರಗಿ)

ತಪ್ಪೇನಿಲ್ಲ, ಕೇಳಬೇಕಾದ ಮಾತೇ. ನನಗೆ ಈ ಮೂತಿ, ಈ ಸ್ವಭಾವ, ಈ ಕೂದಲು ಇಷ್ಟ, ಆ ತಳಿ ಆರೋಗ್ಯವಾಗಿ ಉಳಿಯಲಿ ಅನ್ನುವ ಆಸೆ. ಆದರೆ ಆಸೆ ಇದ್ದವರಿಗೆ ಹೊಣೆಯೂ ಇರಬೇಕು. ನಮ್ಮಲ್ಲಿ ಒಂದು ಹೆಣ್ಣಿಗೆ ವರ್ಷಕ್ಕೆ ಒಂದೇ ಸಲ. ವರ್ಷ ತುಂಬುವ ಮೊದಲು ಮೇಟಿಂಗ್ ಇಲ್ಲ. ಹುಟ್ಟಿದ ಮರಿಯಲ್ಲಿ ಬ್ರೀಡಿಂಗ್‌ಗೆ ಅಂತ ಕೊಡುವುದು ಬಹಳ ಕಡಿಮೆ, ಉಳಿದವನ್ನು ಆಪರೇಷನ್ ಮಾಡಿಸಬೇಕು ಅಂತ ಬರೆಸಿಕೊಂಡೇ ಕೊಡುತ್ತೇನೆ. ಸಾಕಲಾಗದಿದ್ದರೆ ಯಾವಾಗ ಬೇಕಾದರೂ ನನಗೇ ವಾಪಸ್ ತಂದುಕೊಡಲಿ, ಬೀದಿಗೆ ಬಿಡಬಾರದು. ಸುಮ್ನೆ ಮನೆಗೊಂದು ಬೆಕ್ಕು ಬೇಕು ಅಂತ ಬಂದವರಿಗೆ ನಾನೇ ಬೀದಿ ಮರಿ ತೆಗೆದುಕೊಳ್ಳಿ ಅನ್ನುತ್ತೇನೆ. ಅವು ಗಟ್ಟಿ, ಕೂದಲು ಬಾಚುವ ಕೆಲಸವೂ ಇಲ್ಲ.

ನನಗೆ ನಿಜಕ್ಕೂ ಸಿಟ್ಟು ಬರುವುದು ವಯಸ್ಸಿನ ವಿಷಯಕ್ಕೆ. ಮರಿ ಕಣ್ಣು ಬಿಡುವುದರೊಳಗೆ ಫೋನ್ ಶುರು. "ಪಂಚ್ ಫೇಸಾ, ಡಾಲ್ ಫೇಸಾ? ಟ್ರಿಪಲ್ ಕೋಟ್ ಇದೆಯಾ? 35 ದಿನಕ್ಕೆ ಕೊಡ್ತೀರಾ?" ಬೇರೆಯವರು ಕೊಡುತ್ತಾರೆ ಅಂತಾರೆ. ಕೊಡುತ್ತಾರೆ, ಗೊತ್ತಿದೆ. 35 ದಿನಕ್ಕೆ ಮರಿ ಇನ್ನೂ ಗಟ್ಟಿ ಊಟ ಕಲಿಯುತ್ತಿರುತ್ತದೆ. ಒಂದು ಲಸಿಕೆಯೂ ಆಗಿರುವುದಿಲ್ಲ. ಎಷ್ಟು ಜೋರಾಗಿ ಕಚ್ಚಿದರೆ ಎದುರಿನವರಿಗೆ ನೋವಾಗುತ್ತದೆ ಅಂತ ಅದು ಕಲಿಯುವುದು ಅಣ್ಣತಮ್ಮಂದಿರ ಜೊತೆ ಆಡುತ್ತಾ. ಬೇಗ ಬೇರೆ ಮಾಡಿದ ಮರಿಯೇ ಆಮೇಲೆ ಕೈ ಕಚ್ಚುತ್ತದೆ, ಬಟ್ಟೆ ಚೀಪುತ್ತದೆ. ನಾನು 12 ವಾರಕ್ಕೆ ಮೊದಲು ಯಾರಿಗೂ ಕೊಡುವುದಿಲ್ಲ. ಹೋಗುವ ಗಿರಾಕಿ ಹೋಗಲಿ.

ಪೇಪರ್ ಬಗ್ಗೆಯೂ ಹೇಳಿಬಿಡುತ್ತೇನೆ. "ಕೆಸಿಐ ಪೇಪರ್ ಇರುವ ಬೆಕ್ಕು" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೆಸಿಐ (ಕೆನಲ್ ಕ್ಲಬ್ ಆಫ್ ಇಂಡಿಯಾ) ನಾಯಿಗಳದು. ಬೆಕ್ಕಿನ ವಂಶಾವಳಿ ದಾಖಲೆ ಇಡುವುದು ಸಿಎಫ್‌ಎ, ಟಿಕಾ, ಡಬ್ಲ್ಯುಸಿಎಫ್‌ನಂಥ ಸಂಸ್ಥೆಗಳು. ಪೇಪರ್ ಇದ್ದರೆ ತಂದೆ ತಾಯಿಯ ನೋಂದಣಿ ನಂಬರ್ ಇರುತ್ತದೆ, ಅದನ್ನು ಕೇಳಿ ನೋಡಿ.

ಕೋಟೆ ಓಣಿ (ಬೀದರ್)

ಲಸಿಕೆ, ಜಂತು ಔಷಧ ಯಾವಾಗ ಅಂತ ಯಾರೂ ಹೇಳಲಿಲ್ಲ. ನಮ್ಮ ಮರಿಗಳಿಗೆ ಹದಿನೈದು ದಿನ ಆಗಿದೆ. ಒಂದಕ್ಕೆ ಕಣ್ಣು ಪೂರ್ತಿ ಬಿಟ್ಟಿಲ್ಲ, ಅಂಚಿನಲ್ಲಿ ಕೀವು ಕಾಣುತ್ತಿದೆ.

ನಂದಿನಗರದವ (ಬೀದರ್)

ಕಣ್ಣು ಏಳರಿಂದ ಹದಿನಾಲ್ಕು ದಿನದಲ್ಲಿ ಬಿಡುತ್ತವೆ. ಕೀವು ಇದ್ದರೆ ರೆಪ್ಪೆಯ ಹಿಂದೆ ಸೋಂಕು ಇರುತ್ತದೆ, ಇವತ್ತೇ ತೋರಿಸಿ. ನೀವು ಬೀದರ್‌ನಲ್ಲೇ ಇದ್ದೀರಿ, ನಂದಿನಗರದ ಕಾಲೇಜು ಆಸ್ಪತ್ರೆಗೆ ತನ್ನಿ. ಬರುವವರೆಗೆ ಕಾಯಿಸಿ ಆರಿಸಿದ ಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಮೆಲ್ಲಗೆ ಒರೆಸುತ್ತಿರಿ, ಬೆರಳಿನಿಂದ ಎಳೆದು ಬಿಡಿಸಬೇಡಿ. ಮನೆಯಲ್ಲಿರುವ ಹಳೇ ಐ ಡ್ರಾಪ್ಸ್ ಹಾಕಬೇಡಿ.

ಜಂತುಹುಳು ತಾಯಿಯ ಹಾಲಿನಲ್ಲೇ ಬರುತ್ತದೆ. ಅದಕ್ಕೆ ಎರಡು ಮೂರು ವಾರಕ್ಕೇ ಔಷಧ ಶುರು ಮಾಡಿ ಎಂಟು ವಾರದವರೆಗೆ ಹದಿನೈದು ದಿನಕ್ಕೊಮ್ಮೆ ಕೊಡಬೇಕು. ತಾಯಿಗೂ ಕೊಡಿ. ಡೋಸ್ ತೂಕದ ಮೇಲೆ, ಅಂದಾಜಿನಲ್ಲಿ ಬೇಡ. ಲಸಿಕೆ ಆರರಿಂದ ಎಂಟು ವಾರಕ್ಕೆ ಮೊದಲನೆಯದು, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ಆಗುವವರೆಗೆ. ಗಿಣ್ಣುಹಾಲಿನಿಂದ ಬಂದ ಪ್ರತಿಕಾಯ ಮರಿಯ ರಕ್ತದಲ್ಲಿ ಇರುವವರೆಗೆ ಲಸಿಕೆ ಹಿಡಿಯುವುದಿಲ್ಲ. ಅದು ಯಾವಾಗ ಇಳಿಯುತ್ತದೆ ಅನ್ನುವುದು ಮರಿಯಿಂದ ಮರಿಗೆ ಬೇರೆ, ಅದಕ್ಕೇ ಮತ್ತೆ ಮತ್ತೆ ಹಾಕುವುದು. ರೇಬೀಸ್ ಲಸಿಕೆ 12 ವಾರಕ್ಕೆ.

ಭೀಮಾ ದಂಡೆ (ಯಾದಗಿರಿ)

ಸರ್, ನನ್ನ ಗೆಳೆಯ ಒಂದು ಗಂಡು ಪರ್ಷಿಯನ್ ಕೊಡುತ್ತೇನೆ ಅಂತಿದ್ದಾನೆ. ಪೇಟೆ ಅಂಗಡಿಯಿಂದ ತಂದದ್ದು. ನಮ್ಮ ಮನೆಯಲ್ಲಿ ಈಗ ಮರಿ ಇವೆ, ಬೇರೆ ರೂಮಿನಲ್ಲಿ ಇಟ್ಟರೆ ನಡೆಯುತ್ತದಾ?

ನಂದಿನಗರದವ (ಬೀದರ್)

ಈಗ ಬೇಡ ತಮ್ಮಾ. ಪ್ಯಾನ್‌ಲ್ಯುಕೋಪೀನಿಯಾ ಅಂತ ಬೆಕ್ಕಿನ ವಾಂತಿಭೇದಿ ರೋಗ ಇದೆ, ಅದರ ವೈರಸ್ ಚಪ್ಪಲಿ, ಬಟ್ಟೆ, ಕೈಯಲ್ಲೇ ಮನೆಯಿಂದ ಮನೆಗೆ ಬರುತ್ತದೆ. ನೆಲದ ಮೇಲೆ ಒಂದು ವರ್ಷದವರೆಗೂ ಬದುಕಿರುತ್ತದೆ. ಬೇರೆ ರೂಮಲ್ಲಿಟ್ಟರೂ ಎರಡೂ ಕಡೆ ಓಡಾಡುವವನು ನೀನೇ ಅಲ್ವಾ. ಮರಿಗಳ ಲಸಿಕೆ ಪೂರ್ತಿ ಮುಗಿಯಲಿ. ಅಷ್ಟರಲ್ಲಿ ಆ ಗಂಡಿಗೆ ಎಫ್‌ಐವಿ, ಎಫ್‌ಇಎಲ್‌ವಿ (ಬೆಕ್ಕಿನಿಂದ ಬೆಕ್ಕಿಗೆ ಹರಡುವ ಎರಡು ವೈರಸ್) ಟೆಸ್ಟ್, ಪಿಕೆಡಿ ಸ್ವಾಬ್, ರಕ್ತದ ಗುಂಪು ಮಾಡಿಸಲು ಗೆಳೆಯನಿಗೆ ಹೇಳು.

ಫರಸಿ ಮನೆ (ಕಲಬುರಗಿ)

ಚರ್ಮವನ್ನೂ ನೋಡಿಸು. ಪರ್ಷಿಯನ್‌ನ ಉದ್ದ ಕೂದಲಿನ ಕೆಳಗೆ ಹುಳುಕಡ್ಡಿ ಇದ್ದರೂ ಕಾಣುವುದಿಲ್ಲ, ಗಂಡಿನಿಂದ ತಾಯಿಗೆ, ತಾಯಿಯಿಂದ ಮರಿಗೆ, ಆಮೇಲೆ ಮನೆ ಮಕ್ಕಳ ಕೈಗೆ ಬರುತ್ತದೆ. ಕಿವಿ ಹಿಂದೆ, ಮೂಗಿನ ಸುತ್ತ, ಕಾಲ್ಬೆರಳ ನಡುವೆ ಕೂದಲು ಉದುರಿ ಹೊಟ್ಟು ಕಂಡರೆ ಡಾಕ್ಟರ್ ಕೂದಲು ತೆಗೆದು ಟೆಸ್ಟ್‌ಗೆ ಹಾಕುತ್ತಾರೆ. ರಿಪೋರ್ಟ್ ಬಂದ ಮೇಲೆ ಇಲ್ಲಿ ಹಾಕು. ಮೇಟಿಂಗ್ ಹೇಗೂ ಆಗಸ್ಟ್‌ಗೆ ತಾನೇ, ಬೇಕಾದಷ್ಟು ಟೈಮ್ ಇದೆ.